ಪ್ರವಾಸಿಗರಿಂದ ಬೆಳವಣಿಗೆಯೋ, ಬೆಳವಣಿಗೆಯಿಂದ ಪ್ರವಾಸಿಗರೋ?

2024ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಒಂದು ಕೋಟಿಗೆ ತುಸು ಕಡಿಮೆ, ಅಂದರೆ ಸುಮಾರು 99.5 ಲಕ್ಷ. ಅದೇ ವರ್ಷ ಭಾರತೀಯರು ಹೊರದೇಶಗಳಿಗೆ ಕೈಗೊಂಡ ಪ್ರಯಾಣಗಳು ಮೂರು ಕೋಟಿಯನ್ನು ದಾಟಿದವು. ಕೋವಿಡ್‌ಗೆ ಮುಂಚೆ, 2019ರಲ್ಲಿ, ಬಂದವರು ಸುಮಾರು 1.09 ಕೋಟಿ, ಹೋದವರು ಸುಮಾರು 2.69 ಕೋಟಿ. ಹೋಗುವವರ ಲೆಕ್ಕ ಹಳೆಯ ಮಟ್ಟವನ್ನು ದಾಟಿ ಮುಂದೆ ಸಾಗಿದ್ದರೆ, ಬರುವವರ ಲೆಕ್ಕ ಐದು ವರ್ಷ ಕಳೆದರೂ ಅಲ್ಲಿಗೆ ಮರಳಲಿಲ್ಲ. ಆದರೆ ಇದೇ ಅವಧಿಯಲ್ಲಿ, ಕೋವಿಡ್‌ನ ಕುಸಿತ ಕಳೆದ ಮೇಲೆ, ಜಗತ್ತಿನ ದೊಡ್ಡ ಅರ್ಥವ್ಯವಸ್ಥೆಗಳ ಪೈಕಿ ಅತ್ಯಂತ ವೇಗವಾಗಿ ಬೆಳೆದದ್ದು ಭಾರತವೇ. ಪ್ರವಾಸೋದ್ಯಮವನ್ನು ಬೆಳವಣಿಗೆಯ ಎಂಜಿನ್ ಎಂದು ಪ್ರತಿ ಬಜೆಟ್ ಭಾಷಣದಲ್ಲೂ ಪ್ರತಿ ನೀತಿ ದಾಖಲೆಯಲ್ಲೂ ಹೇಳುವ ರೂಢಿಗೆ ಈ ಅಂಕಿಗಳು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಎಂಜಿನ್ ನಿಧಾನವಾಗಿದ್ದರೂ ಗಾಡಿ ಓಡಿದೆ ಎಂದಾದರೆ, ಎಂಜಿನ್ ಎಲ್ಲಿದೆ ಎಂಬುದನ್ನೇ ಮೊದಲು ಹುಡುಕಬೇಕಾಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ವಿದೇಶಿ ಪ್ರವಾಸಿ ಮಾಡುವ ಖರ್ಚು ಒಂದು ರಫ್ತು. ಬಸವನಗುಡಿಯ ಹೋಟೆಲೊಂದರಲ್ಲಿ ಜರ್ಮನಿಯ ಪ್ರವಾಸಿ ತಿಂದ ಮಸಾಲೆ ದೋಸೆ ದೇಶದ ಗಡಿ ದಾಟದಿದ್ದರೂ, ಅದಕ್ಕೆ ಬಂದ ಹಣ ವಿದೇಶದಲ್ಲಿ ದುಡಿದದ್ದಾದ್ದರಿಂದ, ರಾಷ್ಟ್ರದ ಲೆಕ್ಕದಲ್ಲಿ ಅದು ಸೇವಾ ರಫ್ತಿನ ಖಾತೆಗೆ ಸೇರುತ್ತದೆ. ಬೆಂಗಳೂರಿನ ಕುಟುಂಬವೊಂದು ಬ್ಯಾಂಕಾಕಿನಲ್ಲಿ ನಾಲ್ಕು ದಿನ ತಂಗಿದರೆ ಅದು ಆಮದು. ಈ ಆಮದಿನ ಗಾತ್ರ ಸಣ್ಣದಲ್ಲ: ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತೀಯ ನಿವಾಸಿಗಳು 2023-24ರಲ್ಲಿ ಹೊರಕ್ಕೆ ಕಳಿಸಿದ ಸುಮಾರು 3,170 ಕೋಟಿ ಡಾಲರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 1,700 ಕೋಟಿ ಡಾಲರ್, ಪ್ರಯಾಣದ ಬಾಬ್ತಿನದು. ಇನ್ನು ಬಂದ ಹಣದ ಮಾತು. 2019ರಲ್ಲಿ ವಿದೇಶಿ ಪ್ರವಾಸಿಗರಿಂದ ಬಂದ ಆದಾಯ ಸುಮಾರು 2.11 ಲಕ್ಷ ಕೋಟಿ ರೂಪಾಯಿ. 2023ರಲ್ಲಿ ಅದು ಸುಮಾರು 2.31 ಲಕ್ಷ ಕೋಟಿ. ಕೇಳಲು ಏರಿಕೆಯೇ ಸರಿ. ಆದರೆ ಡಾಲರಿನಲ್ಲಿ ಎಣಿಸಿದರೆ ಅದು ಸುಮಾರು 3,000 ಕೋಟಿಯಿಂದ 2,800 ಕೋಟಿಗೆ ಇಳಿದಿತ್ತು. ರೂಪಾಯಿ ಲೆಕ್ಕದಲ್ಲಿ ಕಂಡ ಏರಿಕೆ ಬಹುಮಟ್ಟಿಗೆ ರೂಪಾಯಿ ಮೌಲ್ಯ ಕುಸಿದದ್ದರ ಫಲ. ಪ್ರವಾಸೋದ್ಯಮದ ಸಾಧನೆಯನ್ನು ರೂಪಾಯಿಯಲ್ಲಿ ಮಾತ್ರ ಹೇಳುವ ಪ್ರಕಟಣೆಗಳನ್ನು ಓದುವಾಗ ಇದು ನೆನಪಿನಲ್ಲಿರಬೇಕು.

ಅಂತರರಾಷ್ಟ್ರೀಯ ಪ್ರವಾಸೋದ್ಯಮವೇ ಆರ್ಥಿಕ ಬೆಳವಣಿಗೆಗೆ ಕಾರಣ ಎಂಬ ವಾದಕ್ಕೆ ಅರ್ಥಶಾಸ್ತ್ರದಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು 2002ರಲ್ಲಿ, ಸ್ಪೇನಿನ ಇಬ್ಬರು ಸಂಶೋಧಕರು ತಮ್ಮ ದೇಶದ 1975ರಿಂದ 1997ರವರೆಗಿನ ಅಂಕಿಗಳನ್ನು ಪರಿಶೀಲಿಸಿ, ಪ್ರವಾಸಿ ಆದಾಯ ದೀರ್ಘಾವಧಿಯಲ್ಲಿ ಜಿಡಿಪಿಯನ್ನು ಮೇಲೆತ್ತಿದೆ ಎಂದು ತೋರಿಸಿದಾಗ. ಅದರ ಬೆನ್ನಿಗೇ ಬೇರೆ ಬೇರೆ ದೇಶಗಳ ಬಗ್ಗೆ ಇಂಥ ಅಧ್ಯಯನಗಳ ಸಾಲೇ ಬಂತು. ಫಲಿತಾಂಶಗಳು ಮಾತ್ರ ಒಂದೇ ದಿಕ್ಕಿಗೆ ಬರಲಿಲ್ಲ. 2005ರಲ್ಲಿ ದಕ್ಷಿಣ ಕೊರಿಯಾವನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ತದ್ವಿರುದ್ಧ: ಅಲ್ಲಿ ಅರ್ಥವ್ಯವಸ್ಥೆ ಮೊದಲು ಬೆಳೆದಿತ್ತು, ಪ್ರವಾಸಿಗರು ಅದನ್ನು ಹಿಂಬಾಲಿಸಿದ್ದರು. ಮರುವರ್ಷ ತೈವಾನ್ ಕುರಿತ ಅಧ್ಯಯನದಲ್ಲಿ ಎರಡೂ ಪರಸ್ಪರ ಪೋಷಿಸುತ್ತಿರುವುದು ಕಂಡುಬಂತು. ಈ ಅಧ್ಯಯನಗಳ ವಿಧಾನ ಸ್ಥೂಲವಾಗಿ ಹೀಗಿರುತ್ತದೆ: ಹಿಂದಿನ ವರ್ಷಗಳ ಪ್ರವಾಸಿ ಆದಾಯವನ್ನು ತಿಳಿದುಕೊಂಡರೆ ಮುಂದಿನ ವರ್ಷಗಳ ಜಿಡಿಪಿಯನ್ನು ಇನ್ನಷ್ಟು ನಿಖರವಾಗಿ ಊಹಿಸಲು ಸಾಧ್ಯವೇ ಎಂದು ನೋಡುವುದು, ಬಳಿಕ ಅದನ್ನೇ ತಿರುವುಮುರುವಾಗಿ ಪರೀಕ್ಷಿಸುವುದು. ಇದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯುತ್ತದೆಯೇ ಹೊರತು ಯಾವುದರಿಂದ ಯಾವುದು ಎಂಬುದು ಪೂರ್ತಿಯಾಗಿ ತಿಳಿಯುವುದಿಲ್ಲ. ಹೊಸ ವಿಮಾನ ನಿಲ್ದಾಣವೊಂದು ಪ್ರವಾಸಿಗರನ್ನೂ ಹೆಚ್ಚಿಸಬಹುದು, ಕೈಗಾರಿಕೆಯನ್ನೂ ಹೆಚ್ಚಿಸಬಹುದು. ಆಗ ಎರಡರ ನಡುವೆ ಕಾಣುವ ನಂಟಿನ ಮೂಲ ಆ ಮೂರನೆಯದರಲ್ಲಿರುತ್ತದೆ.

ಬೆಂಗಳೂರಿನ ಮಟ್ಟಿಗೆ ಉತ್ತರ ಹುಡುಕಲು ಹೆಚ್ಚಿನ ಗಣಿತ ಬೇಕಿಲ್ಲ. ಈ ಊರಿಗೆ ಹಂಪಿಯಂಥ ಅವಶೇಷಗಳಿಲ್ಲ, ಸಮುದ್ರವಿಲ್ಲ. ಲಾಲ್‌ಬಾಗ್, ಟಿಪ್ಪುವಿನ ಬೇಸಿಗೆ ಅರಮನೆ, ಬಸವನಗುಡಿಯ ನಂದಿ ಎಲ್ಲವನ್ನೂ ಸೇರಿಸಿದರೂ ಅವುಗಳನ್ನು ನೋಡುವುದಕ್ಕೆಂದೇ ಖಂಡ ದಾಟಿ ಬರುವವರು ವಿರಳ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದ ಮೇಲೆ ಸಾಫ್ಟ್‌ವೇರ್ ಉದ್ಯಮ ಬೇರೂರಿತು. ಆ ಉದ್ಯಮದ ಬೆನ್ನುಹತ್ತಿ ಗ್ರಾಹಕ ಕಂಪನಿಗಳ ಅಧಿಕಾರಿಗಳು, ಎಂಜಿನಿಯರುಗಳು, ಹೂಡಿಕೆದಾರರು ಬರತೊಡಗಿದರು. ಅವರು ತಂಗಲೆಂದು ಹೊರವರ್ತುಲ ರಸ್ತೆಯಲ್ಲೂ ವೈಟ್‌ಫೀಲ್ಡಿನಲ್ಲೂ ಹೋಟೆಲುಗಳು ಎದ್ದವು. ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಆ ಒತ್ತಡ ತಾಳದೆ 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಬಂತು, 2022ರಲ್ಲಿ ಅದಕ್ಕೆ ಎರಡನೇ ಟರ್ಮಿನಲ್ ಸೇರಿತು. ಈ ಹೋಟೆಲುಗಳ ದರಪಟ್ಟಿಯೇ ಕಥೆ ಹೇಳುತ್ತದೆ: ಸೋಮವಾರದಿಂದ ಗುರುವಾರದವರೆಗೆ ಏರುವ ಬಾಡಿಗೆ ಶುಕ್ರವಾರ ಸಂಜೆಯ ಹೊತ್ತಿಗೆ ಇಳಿಯುತ್ತದೆ. ವಿಹಾರದ ಊರುಗಳಲ್ಲಿ ಇದು ಉಲ್ಟಾ. ಮಡಿಕೇರಿಯಲ್ಲೋ ಗೋಕರ್ಣದಲ್ಲೋ ಶನಿವಾರ ಕೊಠಡಿ ಸಿಗುವುದೇ ಕಷ್ಟ.

ಬೊಮ್ಮಸಂದ್ರದ ಆಸ್ಪತ್ರೆಗಳ ಸುತ್ತಲಿನ ಓಣಿಗಳಲ್ಲಿ ಇದೇ ಕಾರಣಸರಣಿಯ ಇನ್ನೊಂದು ರೂಪವನ್ನು ನೋಡಬಹುದು. ಅಲ್ಲಿ ಬಂಗಾಳಿ ಲಿಪಿಯ ಬೋರ್ಡುಗಳಿವೆ, ಮೀನು-ಅನ್ನದ ಮೆಸ್‌ಗಳಿವೆ, ರೋಗಿಯ ಕಡೆಯವರು ತಾವೇ ಅಡುಗೆ ಮಾಡಿಕೊಳ್ಳಲು ಅನುಕೂಲವಿರುವ ದಿನಬಾಡಿಗೆಯ ಕೊಠಡಿಗಳಿವೆ. ಒಂದೇ ಮೆಸ್‌ನಲ್ಲಿ ಅಕ್ಕಪಕ್ಕ ಕೂತು ಉಣ್ಣುವ ಇಬ್ಬರಲ್ಲಿ ಕೋಲ್ಕತ್ತದವರ ಖರ್ಚು ದೇಶೀಯ ಬಳಕೆಯ ಲೆಕ್ಕಕ್ಕೂ ಢಾಕಾದವರ ಖರ್ಚು ರಫ್ತಿನ ಲೆಕ್ಕಕ್ಕೂ ಹೋಗುತ್ತದೆ; ಮೆಸ್‌ನವರ ಗಲ್ಲಾಪೆಟ್ಟಿಗೆಗೆ ಆ ವ್ಯತ್ಯಾಸ ತಿಳಿಯದು. ಪ್ರವಾಸೋದ್ಯಮ ಸಚಿವಾಲಯ ಕೊಡುವ ವಿದೇಶಿ ಪ್ರವಾಸಿಗರ ಸಂಖ್ಯೆಯಲ್ಲಿ ಈ ರೋಗಿಗಳೂ, ಕಚೇರಿ ಕೆಲಸಕ್ಕೆ ಬಂದವರೂ, ಅಜ್ಜಿಯನ್ನು ನೋಡಲು ಬರುವ ಅಮೆರಿಕ ಪಾಸ್‌ಪೋರ್ಟಿನ ಮೊಮ್ಮಕ್ಕಳೂ ಸೇರಿದ್ದಾರೆ. ಬರೀ ವಿಹಾರಕ್ಕೆಂದು ಬರುವವರು 2023ರಲ್ಲಿ ಒಟ್ಟು ಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಿದ್ದರು. ಬಹುಕಾಲದಿಂದ ಬಾಂಗ್ಲಾದೇಶ ಮತ್ತು ಅಮೆರಿಕ ಪಟ್ಟಿಯ ಮೊದಲೆರಡು ಸ್ಥಾನಗಳಲ್ಲಿದ್ದದ್ದೂ ಈ ಕಾರಣಕ್ಕೇ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಉರುಳಿ, ಭಾರತದ ವೀಸಾ ಸೇವೆ ಬಹುಮಟ್ಟಿಗೆ ನಿಂತುಹೋದಾಗ ಅದರ ಪೆಟ್ಟು ಪ್ರೇಕ್ಷಣೀಯ ಸ್ಥಳಗಳಿಗಿಂತ ಹೆಚ್ಚಾಗಿ ಕೋಲ್ಕತ್ತದ, ಚೆನ್ನೈನ, ಬೆಂಗಳೂರಿನ ಆಸ್ಪತ್ರೆಗಳ ಸುತ್ತಲಿನ ಇಂಥ ಓಣಿಗಳಿಗೆ ಬಿತ್ತು.

ಹಾಗಾದರೆ ವಿಹಾರಕ್ಕೆಂದೇ ಬರುವ ಪ್ರವಾಸಿಯಿಂದ ಬೆಳವಣಿಗೆ ಆಗುವುದಿಲ್ಲವೇ? ಆಗುತ್ತದೆ, ಎಷ್ಟಾಗುತ್ತದೆ ಎಂಬುದು ತಲೆಎಣಿಕೆಗಿಂತ ಹೆಚ್ಚಾಗಿ ಅವರು ಕೊಟ್ಟ ಹಣದಲ್ಲಿ ಊರಲ್ಲಿ ಉಳಿಯುವ ಪಾಲನ್ನು ಅವಲಂಬಿಸಿದೆ. ಪ್ರವಾಸಿಯೊಬ್ಬರು ಯುರೋಪಿನಿಂದ ಹಂಪಿಗೆ ಬರುತ್ತಾರೆ ಎಂದಿಟ್ಟುಕೊಳ್ಳೋಣ. ವಿಮಾನದ ಟಿಕೆಟ್ಟು ವಿದೇಶಿ ಸಂಸ್ಥೆಯದಾದರೆ, ಪ್ರವಾಸದ ಅತಿ ದೊಡ್ಡ ಖರ್ಚು ಭಾರತಕ್ಕೆ ಬರುವ ಮೊದಲೇ ಹೊರಗೆ ಉಳಿಯಿತು. ಕೊಠಡಿಯನ್ನು ಬುಕಿಂಗ್ ಆ್ಯಪ್‌ನಲ್ಲಿ ಕಾದಿರಿಸಿದರೆ ಬಾಡಿಗೆಯ ಒಂದು ಪಾಲು ಕಮಿಷನ್ನಾಗಿ ಕಡಿತವಾಯಿತು. ವಿಠ್ಠಲ ದೇವಾಲಯದ ಬಾಗಿಲಲ್ಲಿ ಕೊಡುವ 600 ರೂಪಾಯಿ (ಭಾರತೀಯರಿಗೆ 40) ಪುರಾತತ್ವ ಸರ್ವೇಕ್ಷಣೆಯ ಮೂಲಕ ಕೇಂದ್ರದ ಖಜಾನೆಗೆ ಹೋಯಿತು. ಡೀಸೆಲ್ ಬಹುಪಾಲು ಆಮದಿನ ಕಚ್ಚಾ ತೈಲದ್ದು. ಊರಲ್ಲಿ ಉಳಿದದ್ದು ಆಟೋದವರ ದುಡಿಮೆ, ಹರಿಗೋಲಿನವರ ಬಾಡಿಗೆ, ಹೋಂಸ್ಟೇಯ ಅಡುಗೆಯವರ ಸಂಬಳ, ಕಮಲಾಪುರದ ಬಾಳೆಹಣ್ಣಿನ ದುಡ್ಡು, ಗೈಡ್‌ನ ಶುಲ್ಕ. ಉಳಿಯದೆ ಹೊರಗೆ ಹರಿದುಹೋದ ಪಾಲನ್ನೇ ಅರ್ಥಶಾಸ್ತ್ರಜ್ಞರು ಸೋರಿಕೆ ಎಂದು ಕರೆಯುವುದು, ತೂತಾದ ಕೊಡದಲ್ಲಿ ನೀರು ಹೊತ್ತಂತೆ. ಉಳಿದ ಹಣ ಕೈಯಿಂದ ಕೈಗೆ ದಾಟಿ, ಬಾಳೆಹಣ್ಣು ಮಾರಿದವರು ಹೊಸಪೇಟೆಯಲ್ಲಿ ಮಗನ ಶಾಲೆಯ ಫೀಸು ಕಟ್ಟಿದಾಗ ಆಗುವುದೇ ಗುಣಕ ಪರಿಣಾಮ. ಸ್ಥಳೀಯವಾಗಿ ಬೆಳೆದದ್ದು, ನೇಯ್ದದ್ದು, ಕೆತ್ತಿದ್ದು ಮಾರಾಟವಾದಷ್ಟೂ ಈ ಗುಣಕ ದೊಡ್ಡದು. ಕೊಠಡಿಯಲ್ಲಿ ಇಡುವ ಆಲಿವ್ ಎಣ್ಣೆಯಿಂದ ಹಿಡಿದು ಚೀಸ್‌ವರೆಗೆ ಎಲ್ಲವನ್ನೂ ಹಡಗಿನಲ್ಲಿ ತರಿಸಬೇಕಾದ ದ್ವೀಪ ರಾಷ್ಟ್ರಗಳಲ್ಲಿ ಅದು ಚಿಕ್ಕದು. ಈ ವಿಷಯದಲ್ಲಿ ಕರ್ನಾಟಕದ ಸ್ಥಿತಿ ಅನುಕೂಲಕರವೇ. ಅಕ್ಕಿ, ಕಾಫಿ, ಮೆಣಸು, ರೇಷ್ಮೆ, ಚನ್ನಪಟ್ಟಣದ ಗೊಂಬೆ ಎಲ್ಲವೂ ಇಲ್ಲೇ ಇವೆ.

ಹಂಪಿಯ ವಿಚಾರದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ಸ್ಥಳೀಯರೇ ಕಟ್ಟಿಕೊಂಡ ಅಗ್ಗದ ಗುಡಿಸಲು-ರೆಸಾರ್ಟುಗಳಿದ್ದವು. ಇಸ್ರೇಲ್ ಮತ್ತು ಯುರೋಪಿನ ಯುವಕ ಯುವತಿಯರು ಅಲ್ಲಿ ವಾರಗಟ್ಟಲೆ ತಂಗುತ್ತಿದ್ದರು. ದಿನದ ಖರ್ಚು ಕಡಿಮೆ, ಆದರೆ ತಂಗುವ ದಿನಗಳು ಹೆಚ್ಚು, ಮತ್ತು ಆ ಹಣದ ಬಹುಭಾಗ ಗಡ್ಡೆಯಲ್ಲೇ ಉಳಿಯುತ್ತಿತ್ತು. ವಿಶ್ವ ಪರಂಪರೆಯ ತಾಣದ ಸಂರಕ್ಷಿತ ವಲಯದಲ್ಲಿ ಅವು ಅಕ್ರಮ ಎಂಬ ನಿಲುವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ತೆರವು ನಡೆಯಿತು. 1986ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಸ್ಮಾರಕಗಳ ಉಳಿವು ಮುಖ್ಯ ಎಂಬುದರಲ್ಲಿ ವಿವಾದವಿಲ್ಲ. ಸ್ಮಾರಕವೇ ಕೆಟ್ಟರೆ ಆದಾಯದ ಮೂಲವೇ ಇಲ್ಲವಾಗುತ್ತದೆ. ಆದರೆ ತೆರವಾದ ವ್ಯಾಪಾರಕ್ಕೆ ಯೋಜಿತವಾದ ಬದಲಿ ಜಾಗ ಮೊದಲೇ ಸಿದ್ಧವಿರಲಿಲ್ಲವಾದ್ದರಿಂದ ಹೋಂಸ್ಟೇಗಳು ಆನೆಗೊಂದಿ, ಸಾಣಾಪುರದ ಕಡೆ ಚದುರಿದವು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಇಸ್ರೇಲಿನ ಪ್ರವಾಸಿಯೊಬ್ಬರ ಮೇಲೂ ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೂ ನಡೆದ ಅತ್ಯಾಚಾರ, ಅವರ ಜೊತೆಗಿದ್ದ ಪ್ರವಾಸಿಯೊಬ್ಬರ ಸಾವು ಜಗತ್ತಿನಾದ್ಯಂತ ಸುದ್ದಿಯಾಯಿತು. ಹೆಣ್ಣುಮಕ್ಕಳು ರಾತ್ರಿ ನಿರ್ಭಯವಾಗಿ ಓಡಾಡಲಾಗದ ಊರಿಗೆ ಯಾವ ಜಾಹೀರಾತೂ ಪ್ರವಾಸಿಗರನ್ನು ತರಲಾರದು. ಬೀದಿದೀಪ ಮತ್ತು ಪೊಲೀಸ್ ಗಸ್ತಿನ ಖರ್ಚನ್ನು ಪ್ರವಾಸೋದ್ಯಮದ ಹೂಡಿಕೆ ಎಂದು ಎಣಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಪ್ರವಾಸಿಗರನ್ನೇ ನೆಚ್ಚಿಕೊಂಡು ಬೆಳೆದ ದೇಶಗಳೂ ಇವೆ. ಮಾಲ್ಡೀವ್ಸ್‌ನಲ್ಲಿ ಮೊದಲ ರೆಸಾರ್ಟ್ ಆರಂಭವಾದದ್ದು 1972ರಲ್ಲಿ. ಮೀನುಗಾರಿಕೆ ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಉದ್ಯಮವಿರದಿದ್ದ ಆ ದೇಶ ಮುಂದಿನ ದಶಕಗಳಲ್ಲಿ ದಕ್ಷಿಣ ಏಷ್ಯಾದಲ್ಲೇ ಅತಿ ಹೆಚ್ಚು ತಲಾ ಆದಾಯದ ದೇಶವಾಯಿತು. ಸಣ್ಣ ದೇಶಕ್ಕೆ ಪ್ರವಾಸಿಗರೇ ಬೆಳವಣಿಗೆ ತಂದುಕೊಡಬಲ್ಲರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಅದೇ ದೇಶದ ಜಿಡಿಪಿ 2020ರಲ್ಲಿ ಒಂದೇ ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಕುಸಿಯಿತು. ಶ್ರೀಲಂಕಾದ ಕಥೆ ಇನ್ನೂ ಹತ್ತಿರದ್ದು. 2018ರಲ್ಲಿ ಅಲ್ಲಿಗೆ 23 ಲಕ್ಷ ಪ್ರವಾಸಿಗರು ಬಂದು ಸುಮಾರು 440 ಕೋಟಿ ಡಾಲರ್ ಆದಾಯವಾಗಿತ್ತು. 2019ರ ಈಸ್ಟರ್ ಭಾನುವಾರದ ಬಾಂಬ್ ಸ್ಫೋಟಗಳು, ಅದರ ಬೆನ್ನಿಗೆ ಕೋವಿಡ್, ಹೀಗೆ 2021ರ ಹೊತ್ತಿಗೆ ಬಂದವರು ಎರಡು ಲಕ್ಷಕ್ಕೂ ಕಡಿಮೆ. ತೆರಿಗೆ ಕಡಿತ, ರಸಗೊಬ್ಬರ ನಿಷೇಧ, ವಿದೇಶಿ ಸಾಲದ ಹೊರೆ ಎಲ್ಲವೂ ಸೇರಿ ತಂದ ಬಿಕ್ಕಟ್ಟದು, ನಿಜ. ಆದರೆ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಬೇಕಾದಾಗ ಬೊಕ್ಕಸದಲ್ಲಿ ಇಲ್ಲದಿದ್ದ ಡಾಲರ್‌ಗಳಲ್ಲಿ ಪ್ರವಾಸಿಗರು ತರಬೇಕಿದ್ದ ಡಾಲರ್‌ಗಳ ಪಾಲು ದೊಡ್ಡದಿತ್ತು.

ಕಡಿಮೆ ಚರ್ಚೆಯಾಗುವ ತೊಂದರೆಯೊಂದಿದೆ. ಪ್ರವಾಸಿಗರು ಅತಿಯಾಗಿ ಬಂದು ವಿದೇಶಿ ಹಣ ಹರಿದಾಗ ಸ್ಥಳೀಯ ಕರೆನ್ಸಿ ಬಲಗೊಳ್ಳುತ್ತದೆ, ಕೂಲಿ ಮತ್ತು ಬಾಡಿಗೆ ಏರುತ್ತವೆ, ಆ ಏರಿಕೆಯನ್ನು ತಾಳಲಾರದೆ ಬೇರೆ ರಫ್ತು ಉದ್ಯಮಗಳು ಸೊರಗುತ್ತವೆ. ಐಸ್‌ಲ್ಯಾಂಡ್ ಇದನ್ನು ಕಣ್ಣಾರೆ ಕಂಡಿದೆ. 2008ರಲ್ಲಿ ಬ್ಯಾಂಕುಗಳು ಮುಳುಗಿ ಅದರ ಕ್ರೋನಾ ನೆಲಕಚ್ಚಿದಾಗ ದೇಶ ಅಗ್ಗವಾಯಿತು, ಪ್ರವಾಸಿಗರು ಮುಗಿಬಿದ್ದರು. 2010ರಲ್ಲಿ ಐದು ಲಕ್ಷದ ಆಸುಪಾಸಿನಲ್ಲಿದ್ದ ಸಂಖ್ಯೆ 2018ಕ್ಕೆ 23 ಲಕ್ಷಕ್ಕೆ ಏರಿತು, ದೇಶದ ಜನಸಂಖ್ಯೆ ಸುಮಾರು ಮೂರೂವರೆ ಲಕ್ಷವಷ್ಟೇ. ಮೀನಿನ ರಫ್ತನ್ನೂ ಹಿಂದಿಕ್ಕಿದ ಪ್ರವಾಸೋದ್ಯಮ ಆ ದೇಶವನ್ನು ಬಿಕ್ಕಟ್ಟಿನಿಂದ ಎತ್ತಿತು ಎಂಬುದು ಸತ್ಯ. ಆದರೆ ಆ ಹಣದಿಂದಲೇ ಕ್ರೋನಾ ಮತ್ತೆ ಏರಿ ದೇಶ ದುಬಾರಿಯಾಯಿತು, 2019ರ ಮಾರ್ಚ್‌ನಲ್ಲಿ ವಾವ್ ಏರ್ ಎಂಬ ಒಂದೇ ಒಂದು ವಿಮಾನ ಸಂಸ್ಥೆ ಮುಚ್ಚಿದ್ದಕ್ಕೆ ಆ ವರ್ಷದ ಪ್ರವಾಸಿಗರ ಸಂಖ್ಯೆ ಗಣನೀಯವಾಗಿ ಇಳಿಯಿತು. ಭಾರತದ ಗಾತ್ರದ ದೇಶಕ್ಕೆ ಇಡಿಯಾಗಿ ಈ ಅಪಾಯವಿಲ್ಲ. ನಮ್ಮ ರೂಪಾಯಿಯನ್ನು ಏರಿಸುವಷ್ಟು ಪ್ರವಾಸಿಗರು ಬರುವ ಲಕ್ಷಣ ಸದ್ಯಕ್ಕಂತೂ ಕಾಣದು. ಊರಿನ ಮಟ್ಟದಲ್ಲಿ ಮಾತ್ರ ಅದೇ ಕ್ರಿಯೆ ಜಮೀನಿನ ಬೆಲೆಯ ರೂಪದಲ್ಲಿ ನಡೆಯುತ್ತದೆ. ಗೋವಾದ ಕರಾವಳಿಯ ಹಳ್ಳಿಗಳಲ್ಲಿ ಮನೆ ಕೊಳ್ಳುವುದು ಅಲ್ಲಿನವರಿಗೇ ಕೈಗೆಟುಕದಂತಾಗಿರುವುದು ಗುಟ್ಟೇನಲ್ಲ.

2024ರಲ್ಲಿ ಸುಮಾರು 9.4 ಕೋಟಿ ವಿದೇಶಿ ಪ್ರವಾಸಿಗರನ್ನು ಕಂಡ ಸ್ಪೇನ್, ಅಂದರೆ ಪ್ರವಾಸಿಗರಿಂದಲೇ ಬೆಳವಣಿಗೆ ಎಂಬ ಸಿದ್ಧಾಂತ ಹುಟ್ಟಿದ ನೆಲ, ಅದೇ ವರ್ಷ ಅವರ ವಿರುದ್ಧ ಬೀದಿಗಿಳಿದದ್ದೂ ಬಾಡಿಗೆಯ ಕಾರಣಕ್ಕೇ. ಬಾರ್ಸಿಲೋನಾದಲ್ಲಿ ಪ್ರತಿಭಟನಕಾರರು ಹೋಟೆಲುಗಳ ಹೊರಗೆ ಕುಳಿತವರ ಮೇಲೆ ಆಟದ ಪಿಚಕಾರಿಯಿಂದ ನೀರೆರಚಿದರು. ಪ್ರವಾಸಿಗರಿಗೆ ಅಲ್ಪಾವಧಿಗೆ ಮನೆ ಬಾಡಿಗೆ ಕೊಡುವ ಪರವಾನಗಿಗಳನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗೊಳಿಸುವುದಾಗಿ ಆ ನಗರದ ಮೇಯರ್ ಘೋಷಿಸಿದರು. ಭೂತಾನ್ ಹಿಡಿದದ್ದು ಬೇರೆ ದಾರಿ: 2022ರಲ್ಲಿ ಭಾರತೀಯರ ಹೊರತು ಉಳಿದ ವಿದೇಶಿ ಪ್ರವಾಸಿಗರಿಗೆ ತಲಾ ದಿನಕ್ಕೆ 200 ಡಾಲರ್ ಶುಲ್ಕ ಹೇರಿತು, ಜನ ಬಾರದಾದಾಗ 2023ರಲ್ಲಿ ಅದನ್ನು 100ಕ್ಕೆ ಇಳಿಸಿತು. ಕಡಿಮೆ ಜನ, ಹೆಚ್ಚು ಹಣ ಎಂಬ ಸೂತ್ರಕ್ಕೂ ಮಾರುಕಟ್ಟೆ ಒಂದು ಮಿತಿ ಹಾಕುತ್ತದೆ.

ಕರ್ನಾಟಕಕ್ಕೆ ಬಂದರೆ, ನಾವು ಎಣಿಸುವುದೇ ತಪ್ಪಾದದ್ದನ್ನು ಎಂದು ನನಗೆ ಅನಿಸುತ್ತದೆ. 2023ರಲ್ಲಿ ದೇಶಕ್ಕೆ ಬಂದ ವಿದೇಶಿಯರು ಸುಮಾರು 95 ಲಕ್ಷ. ಎಲ್ಲ ರಾಜ್ಯಗಳೂ ತಮ್ಮಲ್ಲಿಗೆ ಬಂದವರೆಂದು ಹೇಳಿಕೊಂಡ ಸಂಖ್ಯೆಗಳನ್ನು ಕೂಡಿಸಿದರೆ ಸುಮಾರು 1.9 ಕೋಟಿ. ಒಬ್ಬರೇ ಪ್ರವಾಸಿ ದೆಹಲಿ, ಜೈಪುರ, ಆಗ್ರಾ ಮೂರನ್ನೂ ನೋಡಿ ಮೂರು ಸಲ ಎಣಿಕೆಯಾಗುತ್ತಾರೆ, ಇದರಲ್ಲಿ ಮೋಸವೇನಿಲ್ಲ. ಆದರೆ ಅವರು ಪ್ರತಿ ಊರಿನಲ್ಲಿ ಎಷ್ಟು ರಾತ್ರಿ ಉಳಿದರು, ಎಷ್ಟು ಖರ್ಚು ಮಾಡಿದರು, ಅದರಲ್ಲಿ ಆ ಜಿಲ್ಲೆಯಲ್ಲಿ ಉಳಿದದ್ದೆಷ್ಟು ಎಂಬುದನ್ನು ಈ ಎಣಿಕೆ ಹೇಳುವುದಿಲ್ಲ. ಬೆಳವಣಿಗೆಗೆ ಸಂಬಂಧಪಟ್ಟದ್ದು ಈ ಮೂರೇ. ಬೆಳಿಗ್ಗೆ ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ಬೇಲೂರು, ಹಳೇಬೀಡು ನೋಡಿ ರಾತ್ರಿಯೇ ಮರಳುವ ಪ್ರವಾಸಿ ಹಾಸನ ಜಿಲ್ಲೆಗೆ ಬಿಟ್ಟುಹೋಗುವುದು ಒಂದು ಊಟದ ಬಿಲ್ಲನ್ನು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋ ಪಟ್ಟಿ ಸೇರಿದಾಗ ಸಂಭ್ರಮವಾಯಿತು. ಆ ಊರುಗಳಲ್ಲಿ ಒಂದು ರಾತ್ರಿ ತಂಗಬೇಕೆನಿಸುವಂಥ ಏರ್ಪಾಟುಗಳ ಚರ್ಚೆ ಅಷ್ಟಾಗಿ ಆಗಲಿಲ್ಲ.

ತೆರಿಗೆಯಲ್ಲೂ ಒಂದು ಅಸಂಗತಿಯಿದೆ. ಸಾಫ್ಟ್‌ವೇರ್ ರಫ್ತು ಮಾಡುವ ಕಂಪನಿಗೆ ಜಿಎಸ್‌ಟಿ ಶೂನ್ಯ ದರ. ಹೋಟೆಲಿನವರು ವಿದೇಶಿಯರಿಗೆ ಕೊಠಡಿ ಕೊಟ್ಟು ಅದೇ ಡಾಲರ್ ಗಳಿಸಿದರೂ, ಸೇವೆ ನಡೆದದ್ದು ಭಾರತದಲ್ಲಿ ಎಂಬ ಕಾರಣಕ್ಕೆ, ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ಮೇಲೆ ಶೇ. 18 ತೆರಿಗೆ ಬೀಳುತ್ತದೆ. ಅದಕ್ಕಿಂತ ಕೆಳಗಿನ ಕೊಠಡಿಗಳಿಗೆ 2025ರ ಸೆಪ್ಟೆಂಬರ್‌ನಿಂದ ಶೇ. 5 ಮಾಡಿದ್ದು ನೆಮ್ಮದಿಯ ಸಂಗತಿ. ರಫ್ತು ಎಂದು ಲೆಕ್ಕದಲ್ಲಿ ಹೆಮ್ಮೆಪಡುವುದನ್ನು ತೆರಿಗೆಯಲ್ಲಿ ರಫ್ತೆಂದು ಒಪ್ಪದಿರುವುದು ವಿಚಿತ್ರವೇ. ಇದಕ್ಕೆ ವಿರುದ್ಧವಾದ ವಾದವೂ ಇದೆ: ಪ್ರವಾಸಿ ಬಳಸುವ ರಸ್ತೆ, ನೀರು, ಕಸ ವಿಲೇವಾರಿ ಎಲ್ಲದರ ವೆಚ್ಚ ಇಲ್ಲಿನವರದೇ ಆದ್ದರಿಂದ ತೆರಿಗೆ ನ್ಯಾಯವೇ ಎನ್ನುವುದು. ಆ ವಾದವನ್ನು ಒಪ್ಪುವುದಾದರೆ, ತೆರಿಗೆಯ ಒಂದು ಪಾಲು ಹಂಪಿಯ ಕಸ ಎತ್ತುವ ಗ್ರಾಮ ಪಂಚಾಯಿತಿಗೆ ನೇರವಾಗಿ ಸೇರಬೇಕು.

ಬೆಂಗಳೂರಿನ ಅರ್ಥವ್ಯವಸ್ಥೆ ಈಗಾಗಲೇ ಕರೆತಂದಿರುವ ವಿದೇಶಿಯರನ್ನು ಇನ್ನೆರಡು ರಾತ್ರಿ ಉಳಿಸಿಕೊಳ್ಳುವುದು ಹೊಸಬರನ್ನು ಕರೆತರುವುದಕ್ಕಿಂತ ಅಗ್ಗ ಎಂಬುದು ಈ ಎಲ್ಲ ಲೆಕ್ಕದಿಂದ ಹೊರಡುವ ಮಾತು. ಅವರ ವಿಮಾನದ ಖರ್ಚು ಅವರ ಕಂಪನಿಯದು, ವೀಸಾ ಆಗಲೇ ಸಿಕ್ಕಿದೆ. ಶುಕ್ರವಾರ ಸಂಜೆ ಅವರು ಊರಿಗೆ ಮರಳುವ ಬದಲು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿದರೆ, ಮುಂದಿನ ಖರ್ಚಿನ ಬಹುಪಾಲು ರಾಜ್ಯದಲ್ಲೇ ಉಳಿಯುತ್ತದೆ. ಅಡ್ಡ ಬರುವುದು ಸಣ್ಣ ಸಣ್ಣ ಸಂಗತಿಗಳೇ. ಎಳನೀರಿನ ಗಾಡಿಯಿಂದ ಹಿಡಿದು ಆಟೋವರೆಗೆ ಎಲ್ಲೆಡೆ ಕ್ಯೂಆರ್ ಕೋಡ್ ಇದೆ, ಆದರೆ ವಿದೇಶಿ ಬ್ಯಾಂಕಿನ ಕಾರ್ಡು ಹಿಡಿದವರಿಗೆ ಅದು ನಿಷ್ಪ್ರಯೋಜಕ. 2023ರ ಫೆಬ್ರುವರಿಯಲ್ಲಿ, ಜಿ-20ರ ಸಂದರ್ಭದಲ್ಲಿ, ಹೊರದೇಶದವರೂ ಯುಪಿಐ ಬಳಸುವ ವ್ಯವಸ್ಥೆಯನ್ನು ಆಯ್ದ ವಿಮಾನ ನಿಲ್ದಾಣಗಳಲ್ಲಿ ಆರಂಭಿಸಲಾಯಿತು. ಬೆಂಗಳೂರು ಅವುಗಳಲ್ಲಿ ಒಂದು. ಸಾಮಾನ್ಯ ಪ್ರವಾಸಿಗೆ ಅದು ಇದೆಯೆಂದು ಗೊತ್ತಾಗುವಂತೆ ಮಾಡಲು ಹೊಸ ನೀತಿಯೇನೂ ಬೇಕಿಲ್ಲ, ಟರ್ಮಿನಲ್‌ನ ಹೊರಬಾಗಿಲ ಬಳಿ ಎದ್ದು ಕಾಣುವ ಒಂದು ಕೌಂಟರ್ ಸಾಕು.